ಶಂಶಾಬಾದ್ ಏರ್‌ಪೋರ್ಟಿನ ಲೆಕ್ಕದ ಹಿಂದಿನ ಪುಟಗಳು

ಬೆಂಗಳೂರಿಂದ ಹೈದರಾಬಾದ್‌ಗೆ ರಾತ್ರಿ ಬಸ್ಸಲ್ಲಿ ಹೋದವರಿಗೆ ಶಂಶಾಬಾದ್ ಗೊತ್ತಿರುತ್ತೆ. ಹೆದ್ದಾರಿ 44ರಲ್ಲಿ ಹೈದರಾಬಾದ್ ಸೇರೋ ಮುಂಚೆ ಸಿಗೋ ಊರು. ಇಲ್ಲಿನ ಏರ್‌ಪೋರ್ಟ್ 2008ರ ಮಾರ್ಚ್‌ನಲ್ಲಿ ಶುರುವಾಯ್ತು, ಜಾಗ ಸುಮಾರು 5,500 ಎಕರೆ. ನಡೆಸೋದು ಜಿಎಂಆರ್ ಹೈದರಾಬಾದ್ ಇಂಟರ್‌ನ್ಯಾಷನಲ್ ಏರ್‌ಪೋರ್ಟ್ ಲಿಮಿಟೆಡ್. ತೆಲಂಗಾಣ ಸರ್ಕಾರಕ್ಕೂ ಏರ್‌ಪೋರ್ಟ್ಸ್ ಅಥಾರಿಟಿಗೂ ಅದರಲ್ಲಿ ತಲಾ 13% ಪಾಲಿದೆ.

ಇಂಥ ಕಂಪನಿಯ ಸಾಲ ಎಷ್ಟು ಅಂತ ಕೇಳಿದ್ರೆ ಎಲ್ಲರೂ ಬ್ಯಾಲೆನ್ಸ್ ಶೀಟ್ ತೆಗೀತಾರೆ. ನಾನು ಇವತ್ತು ಅದನ್ನ ದಾಟಿ, ಹಿಂದಿನ ಪುಟಗಳ ಟಿಪ್ಪಣಿಗೆ ಹೋಗ್ತೀನಿ.

ಖಚಿತವಾದ ಸಾಲವನ್ನ ಮೊದಲು ಪಕ್ಕಕ್ಕಿಡೋಣ. ಈ ಏರ್‌ಪೋರ್ಟ್ ಕಟ್ಟೋಕೆ ರಾಜ್ಯ ಸರ್ಕಾರ 315 ಕೋಟಿ ರೂಪಾಯಿ ಬಡ್ಡಿಯಿಲ್ಲದ ಸಾಲ ಕೊಟ್ಟಿತ್ತು. ವಿಮಾನ ಸಂಚಾರ ಶುರುವಾಗಿ 16 ವರ್ಷ ಆದ ಮೇಲೆ 5 ಕಂತಲ್ಲಿ ವಾಪಸ್ ಅಂತ ಕರಾರು. ಕೇಂದ್ರಕ್ಕೆ ಆದಾಯದ 4% ಶುಲ್ಕ ಬೇರೆ. ಮೊದಲ 10 ವರ್ಷದ್ದನ್ನ ಆಮೇಲೆ ಕಂತಲ್ಲಿ ಕಟ್ಟೋ ಅವಕಾಶ. ನಮ್ಮ ದೇವನಹಳ್ಳಿ ಏರ್‌ಪೋರ್ಟಿಗೂ ಹೆಚ್ಚುಕಡಿಮೆ ಇದೇ ಅಚ್ಚು. ತಡವಾಗಿ ಕೊಟ್ಟರೂ ಇವು ಕೊಡಲೇಬೇಕಾದ ದುಡ್ಡು, ಹಾಗಾಗಿ ಮುಖ್ಯ ಲೆಕ್ಕದಲ್ಲೇ ಇರುತ್ತೆ.

ಎರಡನೇದು ಕಮಿಟ್‌ಮೆಂಟ್, ಅಂದ್ರೆ ಬದ್ಧತೆ. ವರ್ಷಕ್ಕೆ 1.2 ಕೋಟಿ ಪ್ರಯಾಣಿಕರ ಸಾಮರ್ಥ್ಯ ಇದ್ದ ಈ ಟರ್ಮಿನಲ್ಲನ್ನ 3.4 ಕೋಟಿಗೆ ಹಿಗ್ಗಿಸಿದ್ರು. ಅಂಥ ಕೆಲಸಕ್ಕೆ ಗುತ್ತಿಗೆದಾರರ ಜೊತೆ ಸಹಿ ಆಗಿರುತ್ತೆ, ಗೋಡೆ ಇನ್ನೂ ಎದ್ದಿರಲ್ಲ. ಆಗದ ಕೆಲಸಕ್ಕೆ ಬಾಕಿ ಇಲ್ಲ, ಆದರೆ ಹಿಂದೆ ಸರಿಯೋ ಹಾಗೂ ಇಲ್ಲ. ಕೊಟ್ಟ ಅಡ್ವಾನ್ಸ್ ಕಳೆದು ಉಳಿದದ್ದನ್ನ ಟಿಪ್ಪಣಿಯಲ್ಲಿ ತೋರಿಸ್ತಾರೆ. ಇದರಲ್ಲಿ ಗುಟ್ಟೇನಿಲ್ಲ.

ಗುಟ್ಟು ಇರೋದು ಮೂರನೇದರಲ್ಲಿ: ಕಂಟಿಂಜೆಂಟ್ ಲಯಬಿಲಿಟಿ, ಸಂಭಾವ್ಯ ಹೊಣೆ.

ಹಿಂದೆ ವಿಮಾನದ ಟಿಕೆಟ್‌ನಲ್ಲಿ ಭದ್ರತೆಗೆ ಅಂತ 130 ರೂಪಾಯಿ ಹಿಡೀತಿದ್ರು. ಆ ದುಡ್ಡು ಕಂಪನಿಯದ್ದಲ್ಲ. ಪ್ರತ್ಯೇಕ ಖಾತೆಯಲ್ಲಿಟ್ಟು ಸಿಐಎಸ್ಎಫ್ ಪಡೆಯ ಖರ್ಚಿಗೆ ಬಳಸಬೇಕಿತ್ತು. ಅದರಲ್ಲೇ ಭದ್ರತಾ ಉಪಕರಣ ಕೊಂಡಿದ್ದೀರಿ, ಆ ಖರ್ಚನ್ನ ಖಾತೆಗೆ ವಾಪಸ್ ಹಾಕಿ ಅಂತ 2014ರಲ್ಲಿ ವಿಮಾನಯಾನ ಸಚಿವಾಲಯ ಆದೇಶ ಮಾಡ್ತು. ಶಂಶಾಬಾದ್ ಕಂಪನಿ ಹೈಕೋರ್ಟಿಗೆ ಹೋಯ್ತು. ಈಗ ಲೆಕ್ಕ ಬರೆಯೋನು ಏನು ಮಾಡಬೇಕು?

ಇಂಡ್ ಎಎಸ್ 37 ಅನ್ನೋ ನಿಯಮ ಇರೋದೇ ಇದಕ್ಕೆ. ಹಣ ಹೋಗೋ ಸಂಭವವೇ ಹೆಚ್ಚು, ಎಷ್ಟು ಅಂತ ಅಂದಾಜೂ ಸಿಗುತ್ತೆ ಅಂದ್ರೆ ಈಗಲೇ ಲಾಭದಲ್ಲಿ ಮುರ್ಕೊಂಡು ತೆಗೆದಿಡಬೇಕು, ಅದೇ ಪ್ರಾವಿಷನ್. ಹೋಗಬಹುದು, ಹೋಗದೇನೂ ಇರಬಹುದು ಅಂದ್ರೆ ಟಿಪ್ಪಣಿಯಲ್ಲಿ ಬರೆದರೆ ಸಾಕು. ಸಂಭವ ತೀರಾ ಕಡಿಮೆ ಅಂದ್ರೆ ಅದೂ ಬೇಡ. ಯಾವ ಗೂಡಿಗೆ ಹಾಕಬೇಕು ಅಂತ ಮೊದಲು ತೀರ್ಮಾನಿಸೋದು ಕಂಪನಿಯೇ, ತನ್ನ ವಕೀಲರ ಅಭಿಪ್ರಾಯ ಇಟ್ಕೊಂಡು. ಆಡಿಟರ್ ಪ್ರಶ್ನೆ ಕೇಳ್ತಾರೆ, ನಿಜ. ಆದರೆ ‘ನಾವು ಸೋಲ್ತೀವಿ’ ಅಂತ ಬರೆದುಕೊಟ್ಟರೆ ಎದುರು ಪಕ್ಷದ ವಕೀಲರು ಅದನ್ನೇ ಕೋರ್ಟಲ್ಲಿ ಎತ್ತಿ ತೋರಿಸ್ತಾರಲ್ಲ! ಅದಕ್ಕೇ ಈ ಟಿಪ್ಪಣಿಗಳ ಭಾಷೆ ಅಷ್ಟು ಜಾರಿಕೊಳ್ಳೋದು.

ತೀರ್ಪು ಬಂದರೆ ಏನಾಗುತ್ತೆ? ಟೆಲಿಕಾಂ ನೋಡಿ. 2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ಎಜಿಆರ್ ವಿವಾದದಲ್ಲಿ, ಅಂದ್ರೆ ಸರ್ಕಾರಕ್ಕೆ ಪಾಲು ಕೊಡೋಕೆ ಕಂಪನಿಗಳ ಯಾವ ಆದಾಯ ಲೆಕ್ಕಕ್ಕೆ ಬರುತ್ತೆ ಅನ್ನೋ ಜಗಳದಲ್ಲಿ, ಸರ್ಕಾರದ ಪರ ನಿಂತಿತು. ವೊಡಾಫೋನ್ ಐಡಿಯಾ ಆ ತೀರ್ಪಿನ ಹೊರೆಯನ್ನ ಸೆಪ್ಟೆಂಬರಿಗೆ ಮುಗಿದ ತ್ರೈಮಾಸಿಕದ ಲೆಕ್ಕಕ್ಕೇ ಸೇರಿಸಿ, 50,900 ಕೋಟಿಗೂ ಹೆಚ್ಚು ನಷ್ಟ ತೋರಿಸ್ತು.

ಆದರೂ ನನಗೆ ಕೋರ್ಟ್ ಕೇಸಿಗಿಂತ ಹೆಚ್ಚು ಭಯ ಹುಟ್ಟಿಸೋದು ಜಾಮೀನು. ಅಣ್ಣನ ಸೊಸೈಟಿ ಸಾಲಕ್ಕೆ ತಮ್ಮ ಸಹಿ ಹಾಕ್ತಾನಲ್ಲ, ಅದೇ. 2010ರಲ್ಲಿ ಬೆಂಗಳೂರಿನ ಯುಬಿ ಹೋಲ್ಡಿಂಗ್ಸ್ ತನ್ನದೇ ಗುಂಪಿನ ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಬ್ಯಾಂಕ್ ಸಾಲಕ್ಕೆ ಜಾಮೀನು ಕೊಟ್ಟಿತು. ಜಾಮೀನು ಕೊಟ್ಟ ದಿನ ಒಂದು ರೂಪಾಯಿಯೂ ಕೈಬಿಟ್ಟು ಹೋಗಲ್ಲ, ಅದೂ ಸಂಭಾವ್ಯ ಹೊಣೆಯೇ. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಹಾರಾಟ ನಿಂತಿತು. ಬ್ಯಾಂಕುಗಳು ಜಾಮೀನುದಾರನ ಬಾಗಿಲಿಗೆ ಬಂದವು. 2017ರ ಫೆಬ್ರುವರಿಯಲ್ಲಿ ಯುಬಿ ಹೋಲ್ಡಿಂಗ್ಸನ್ನೇ ಸಮಾಪನಗೊಳಿಸಿ ಅಂತ ಕರ್ನಾಟಕ ಹೈಕೋರ್ಟ್ ಆದೇಶ ಮಾಡ್ತು.

ಹಾಗಾಗಿ ಯಾವುದೇ ವಾರ್ಷಿಕ ವರದಿ ಸಿಕ್ಕಾಗ ‘ಕಮಿಟ್‌ಮೆಂಟ್ಸ್ ಆ್ಯಂಡ್ ಕಂಟಿಂಜೆಂಟ್ ಲಯಬಿಲಿಟೀಸ್’ ಅನ್ನೋ ಟಿಪ್ಪಣಿ ಹುಡುಕಿ. ಜಾಮೀನು ಯಾರ ಪರ, ಆ ಕಂಪನಿ ಸಾಲ ತೀರಿಸೋ ಸ್ಥಿತಿಯಲ್ಲಿದೆಯಾ ಅಂತ ಮೊದಲು ನೋಡಿ. ಆಮೇಲೆ ಪಕ್ಕದಲ್ಲೇ ಇರೋ ಹಿಂದಿನ ವರ್ಷದ ಅಂಕಿಗೆ ಹೋಲಿಸಿ. ಈ ವರ್ಷ ಮೊತ್ತ ಇಳಿದಿದ್ರೆ ಕೇಸ್ ಗೆದ್ದಿದ್ದಾರಾ, ದುಡ್ಡು ಕಟ್ಟಿದ್ದಾರಾ, ಇಲ್ಲಾ ಸೋಲು ಖಾತ್ರಿಯಾಗಿ ಅದನ್ನ ಲಾಭದಲ್ಲಿ ಮುರ್ಕೊಂಡಿದ್ದಾರಾ ಅಂತ ನೋಡಿ. ಮುರ್ಕೊಂಡಿದ್ರೆ ಅದರ ಸುಳಿವು ಅದೇ ವರದಿಯ ಪ್ರಾವಿಷನ್ ಟಿಪ್ಪಣಿಯಲ್ಲಿ ಸಿಗುತ್ತೆ.