ಯುದ್ಧಕಾಲದ ಹಸಿವು: ಲೆಕ್ಕಕ್ಕೆ ಬಂದವರು, ಬಾರದವರು

(ವಿಚಾರಗೋಷ್ಠಿಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ದ್ವಿತೀಯ ಮಹಾಯುದ್ಧ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಟ್ಯಾಂಕುಗಳು, ಬಾಂಬರ್ ವಿಮಾನಗಳು, ಹಿಟ್ಲರ್ ಮತ್ತು ಚರ್ಚಿಲ್‌ರ ಚಿತ್ರಗಳು. ನಮ್ಮ ಮಕ್ಕಳ ಪಠ್ಯಪುಸ್ತಕಗಳಲ್ಲಿಯೂ ಯುದ್ಧವೆಂದರೆ ಸೇನೆಗಳ ಮುನ್ನಡೆ ಮತ್ತು ಶರಣಾಗತಿಯ ದಿನಾಂಕಗಳು. ಆದರೆ ಯಾವ ಯುದ್ಧವೂ ರಣರಂಗದಲ್ಲಿ ಮಾತ್ರ ನಡೆಯುವುದಿಲ್ಲ. ಕೋವಿ ಹಿಡಿಯದ ಕೋಟ್ಯಂತರ ಮಂದಿಯ ಅಡುಗೆ ಮನೆಗಳಲ್ಲಿಯೂ ಅದು ನಡೆಯುತ್ತದೆ. ಇಂದು ನಾನು ನಿಮ್ಮ ಮುಂದಿಡಲು ಬಯಸುವುದು ಅಂತಹ ಎರಡು ಅಡುಗೆ ಮನೆಗಳ ಕಥೆಯನ್ನು. ಒಂದು ಬ್ರಿಟನ್‌ನದು, ಇನ್ನೊಂದು ಬಂಗಾಳದ್ದು. ಯುದ್ಧ ಒಂದೇ, ಸಾಮ್ರಾಜ್ಯವೂ ಒಂದೇ. ಅಂತಿಮ ತೀರ್ಮಾನ ಕೈಗೊಳ್ಳುತ್ತಿದ್ದ ಲಂಡನ್ನಿನ ಸಚಿವ ಸಂಪುಟವೂ ಒಂದೇ. ಆದರೆ ಒಂದು ಕಡೆ ಜನರು ಅರೆಬರೆಯಾದರೂ ಉಂಡು ಬದುಕಿದರು. ಇನ್ನೊಂದು ಕಡೆ ಲಕ್ಷಾಂತರ ಮಂದಿ ಹಸಿವಿನಿಂದ ಸತ್ತರು. ಯಾಕೆ ಹೀಗಾಯಿತು?

ಮೊದಲು ಬ್ರಿಟನ್‌ನತ್ತ ನೋಡೋಣ. ಯುದ್ಧಕ್ಕಿಂತ ಮೊದಲು ಆ ದೇಶ ತನ್ನ ಆಹಾರದ ಸುಮಾರು ಮೂರನೇ ಎರಡು ಭಾಗವನ್ನು ಹೊರಗಿನಿಂದ ತರಿಸಿಕೊಳ್ಳುತ್ತಿತ್ತು. ಜರ್ಮನಿಯ ಜಲಾಂತರ್ಗಾಮಿಗಳು ಆ ಹಡಗುಗಳನ್ನು ಮುಳುಗಿಸತೊಡಗಿದಾಗ ದ್ವೀಪರಾಷ್ಟ್ರವೊಂದು ಹಸಿವಿನ ಅಂಚಿಗೆ ಬಂದು ನಿಲ್ಲುವುದು ಸಹಜವಾಗಿತ್ತು. ಆದರೆ ಅಲ್ಲಿನ ಸರಕಾರ ಮೊದಲು ಮಾಡಿದ್ದು ಜನರನ್ನು ಎಣಿಸುವ ಕೆಲಸವನ್ನು. 1939ರ ಸೆಪ್ಟೆಂಬರ್ 29ರಂದು ದೇಶದ ಪ್ರತಿಯೊಂದು ಮನೆಯ ಪ್ರತಿಯೊಬ್ಬ ವ್ಯಕ್ತಿಯ ಹೆಸರನ್ನು ದಾಖಲಿಸಲಾಯಿತು. ಆ ದಾಖಲೆಯ ಆಧಾರದಲ್ಲಿ ರೇಶನ್ ಪುಸ್ತಕಗಳು ಮನೆಮನೆ ತಲುಪಿದವು. 1940ರ ಜನವರಿ 8ರಂದು ಬೆಣ್ಣೆ, ಸಕ್ಕರೆ ಮತ್ತು ಬೇಕನ್ನಿನಿಂದ ಆರಂಭವಾದ ಪಡಿತರವು ಮುಂದೆ ಮಾಂಸ, ಚಹಾ, ಚೀಸ್, ಕೊನೆಗೆ ಉಡುವ ಬಟ್ಟೆಗೂ ವಿಸ್ತರಿಸಿತು. ಒಬ್ಬರಿಗೆ ವಾರಕ್ಕೆ ಸಿಗುತ್ತಿದ್ದ ಚಹಾ ಪುಡಿ ಎರಡು ಔನ್ಸ್, ಅಂದರೆ ಸುಮಾರು 57 ಗ್ರಾಂ. ಮೊಟ್ಟೆ ವಾರಕ್ಕೊಂದು ಸಿಕ್ಕರೆ ಅದೃಷ್ಟ.

ಇಲ್ಲಿ ಗಮನಿಸಬೇಕಾದ ಮುಖ್ಯ ವಿಷಯವೆಂದರೆ, ರೇಶನ್ ಪುಸ್ತಕಗಳೆಲ್ಲ ಒಂದೇ ಬಗೆಯವಾಗಿರಲಿಲ್ಲ. ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಹಾಗೂ ಐದು ವರ್ಷಕ್ಕಿಂತ ಕೆಳಗಿನ ಮಕ್ಕಳಿಗೆ ಹಸಿರು ಬಣ್ಣದ ಪುಸ್ತಕ. ಹಾಲು, ಹಣ್ಣು, ಮೊಟ್ಟೆಗಳಲ್ಲಿ ಅವರಿಗೆ ಆದ್ಯತೆ. ಅದಕ್ಕಿಂತ ದೊಡ್ಡ ಮಕ್ಕಳಿಗೆ ನೀಲಿ ಬಣ್ಣದ್ದು. 1940ರಲ್ಲಿ ಜಾರಿಯಾದ ಹಾಲಿನ ಯೋಜನೆಯಡಿ ತಾಯಂದಿರಿಗೂ ಶಿಶುಗಳಿಗೂ ದಿನಕ್ಕೊಂದು ಪೈಂಟ್ ಹಾಲು ಅಗ್ಗದ ದರದಲ್ಲಿ, ಬಡವರಿಗೆ ಉಚಿತವಾಗಿ ದೊರೆಯಿತು. ಸಸ್ಯಾಹಾರಿಗಳು ಮಾಂಸದ ಪಾಲನ್ನು ಬಿಟ್ಟುಕೊಟ್ಟು ಹೆಚ್ಚುವರಿ ಚೀಸ್ ಪಡೆಯಬಹುದಾಗಿತ್ತು. ಅರಮನೆಗೂ ರೇಶನ್ ಪುಸ್ತಕ ಬಂತು. 1942ರಲ್ಲಿ ಅಮೇರಿಕದ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ತಂಗಿದ್ದಾಗ, ಸ್ನಾನದ ತೊಟ್ಟಿಯಲ್ಲಿ ಐದು ಇಂಚಿನ ಎತ್ತರಕ್ಕೆ ಗೆರೆ ಎಳೆದಿರುವುದನ್ನು ಕಂಡರು. ಇಂಧನ ಉಳಿಸಲು ಬಿಸಿನೀರು ಅಷ್ಟಕ್ಕೇ ಸೀಮಿತವಾಗಿತ್ತು.

ಬ್ರಿಟನ್‌ನಲ್ಲಿ ಎಲ್ಲವೂ ನ್ಯಾಯವಾಗಿಯೇ ನಡೆಯಿತು ಎಂದು ನಾನು ಹೇಳುತ್ತಿಲ್ಲ. ಅಲ್ಲಿಯೂ ಕಾಳಸಂತೆಯಿತ್ತು. ಹಣವುಳ್ಳವರು ಹೋಟೆಲುಗಳಲ್ಲಿ ಪಡಿತರದ ಹಂಗಿಲ್ಲದೆ ಉಣ್ಣುತ್ತಿದ್ದರು. ಜನರ ಅಸಮಾಧಾನ ಹೆಚ್ಚಿದಾಗ 1942ರಲ್ಲಿ ಒಂದು ಊಟದ ಬೆಲೆ ಐದು ಶಿಲಿಂಗ್ ಮೀರಬಾರದೆಂದು ಕಾನೂನು ತರಬೇಕಾಯಿತು. ಆದರೂ ಬಾಂಬುಗಳು ಬೀಳುತ್ತಿದ್ದ ಆ ದೇಶದಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಶಿಶುಮರಣದ ಪ್ರಮಾಣ ಯುದ್ಧಪೂರ್ವಕ್ಕಿಂತ ಕಡಿಮೆಯಾಗಿತ್ತು. ಆಹಾರದ ಒಟ್ಟು ಪ್ರಮಾಣ ಕುಗ್ಗಿದರೂ ಹಂಚಿಕೆಯಲ್ಲಿ ನ್ಯಾಯವಿದ್ದರೆ ಬಡವನ ಮಗು ಬದುಕುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಇನ್ನು ಬ್ರಿಟನ್‌ಗೆ ಆ ಆಹಾರವನ್ನು ತಲುಪಿಸಿದವರು ಯಾರು ಎಂಬುದನ್ನೂ ನೋಡೋಣ. ಆ ವ್ಯಾಪಾರಿ ಹಡಗುಗಳಲ್ಲಿ ದುಡಿಯುತ್ತಿದ್ದವರಲ್ಲಿ ಹತ್ತಾರು ಸಾವಿರ ಮಂದಿ ಭಾರತೀಯರಿದ್ದರು. 'ಲಸ್ಕರ್' ಎಂದು ಕರೆಯಲ್ಪಡುತ್ತಿದ್ದ ಇವರಲ್ಲಿ ಬಹಳಷ್ಟು ಮಂದಿ ಸಿಲ್ಹೆಟ್, ನೊವಾಖಾಲಿ ಮತ್ತು ಚಿತ್ತಗಾಂಗ್‌ನ ಬಡ ಮುಸ್ಲಿಮ್ ಕುಟುಂಬಗಳಿಂದ ಬಂದವರು. ಹಡಗಿನ ತಳದ ಎಂಜಿನ್ ಕೋಣೆಯಲ್ಲಿ ಕಲ್ಲಿದ್ದಲು ಎತ್ತಿಹಾಕುವ ಕೆಲಸ ಅವರದಾಗಿತ್ತು. ಟಾರ್ಪಿಡೊ ಬಡಿದಾಗ ಮೊದಲು ನೀರು ನುಗ್ಗುತ್ತಿದ್ದುದೂ ಅಲ್ಲಿಗೇ. ಆ ಯುದ್ಧದಲ್ಲಿ ಮಡಿದ ಸುಮಾರು ಆರು ಸಾವಿರ ಭಾರತೀಯ ನಾವಿಕರ ಹೆಸರುಗಳು ಮುಂಬೈ ಮತ್ತು ಚಿತ್ತಗಾಂಗ್‌ಗಳಲ್ಲಿರುವ ಸ್ಮರಣ ಗ್ರಂಥಗಳಲ್ಲಿವೆ. ಲಂಡನ್ನಿನ ಮಗುವಿಗೆ ಬ್ರೆಡ್ಡಿನ ತುಂಡು ತಲುಪಲೆಂದು ನೊವಾಖಾಲಿಯ ನಾವಿಕ ಅಟ್ಲಾಂಟಿಕ್ ಸಾಗರದಲ್ಲಿ ಪ್ರಾಣ ಪಣಕ್ಕಿಟ್ಟಿದ್ದ. ಅದೇ ವೇಳೆ ಅವನ ಊರಿನಲ್ಲಿ ಏನಾಗುತ್ತಿತ್ತು?

1942ರ ಮಾರ್ಚ್‌ನಲ್ಲಿ ಜಪಾನಿನ ಸೇನೆ ರಂಗೂನನ್ನು ವಶಪಡಿಸಿಕೊಂಡಿತು. ಬರ್ಮಾದ ಅಕ್ಕಿ ನಿಂತಿತು. ಶತ್ರುಗಳು ಬಂಗಾಳದ ಕರಾವಳಿಯಲ್ಲಿ ಇಳಿದರೆ ಅವರಿಗೆ ಏನೂ ಸಿಗಬಾರದೆಂಬ ಲೆಕ್ಕಾಚಾರದಲ್ಲಿ ಬ್ರಿಟಿಷ್ ಆಡಳಿತ 'ನಿರಾಕರಣ ನೀತಿ'ಯನ್ನು ಜಾರಿಗೊಳಿಸಿತು. ಕರಾವಳಿ ಜಿಲ್ಲೆಗಳಿಂದ ಭತ್ತದ ದಾಸ್ತಾನನ್ನು ಎತ್ತಲಾಯಿತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿಯನ್ನು ಸಾಗಿಸಬಲ್ಲ ಸಾವಿರಾರು ದೋಣಿಗಳನ್ನು ವಶಪಡಿಸಿಕೊಳ್ಳಲಾಯಿತು, ಇಲ್ಲವೇ ನಾಶಪಡಿಸಲಾಯಿತು. ನದಿಗಳೇ ರಸ್ತೆಗಳಾಗಿರುವ ನಾಡಿನಲ್ಲಿ ದೋಣಿ ಕಸಿದುಕೊಳ್ಳುವುದೆಂದರೆ ಬೆಸ್ತನ ಬಲೆಯನ್ನೂ ರೈತನ ಗಾಡಿಯನ್ನೂ ಒಟ್ಟಿಗೆ ಕಸಿದುಕೊಂಡಂತೆ. ಇದರಿಂದ ಅಕ್ಕಿಯ ಬರ ಬರಲಿದೆಯೆಂದು ಪ್ರಧಾನಿಯಾಗಿದ್ದ ಫಝ್ಲುಲ್ ಹಕ್ 1942ರ ಆಗಸ್ಟ್‌ನಲ್ಲಿಯೇ ಗವರ್ನರರನ್ನು ಎಚ್ಚರಿಸಿದ್ದರು. (ಆಗ ಪ್ರಾಂತಗಳ ಮುಖ್ಯಮಂತ್ರಿಯನ್ನು ಪ್ರಧಾನಿ ಎಂದೇ ಕರೆಯುತ್ತಿದ್ದರು.) ಆ ಮಾತಿಗೆ ಬೆಲೆ ಸಿಗಲಿಲ್ಲ. ಅಕ್ಟೋಬರ್ 16ರಂದು ಮಿಡ್ನಾಪುರದ ಕರಾವಳಿಗೆ ಭೀಕರ ಚಂಡಮಾರುತ ಅಪ್ಪಳಿಸಿತು. ಭತ್ತದ ಬೆಳೆಗೆ ರೋಗ ತಗಲಿತು. ನೆರೆಯ ಪ್ರಾಂತಗಳು ಅಕ್ಕಿಯ ಹೊರಸಾಗಾಟವನ್ನು ನಿಷೇಧಿಸಿದವು.

ಬೆಲೆ ಏರತೊಡಗಿತು. 1942ರ ಡಿಸೆಂಬರ್‌ನಲ್ಲಿ ಕಲ್ಕತ್ತಾದಲ್ಲಿ ಒಂದು ಮಣ, ಅಂದರೆ ಸುಮಾರು 37 ಕಿಲೋ ಅಕ್ಕಿಗೆ 13-14 ರೂಪಾಯಿ ಇತ್ತು. 1943ರ ಆಗಸ್ಟ್‌ನಲ್ಲಿ ಅದು 37 ರೂಪಾಯಿಗೆ ತಲುಪಿತು. ಎಂಟೇ ತಿಂಗಳಲ್ಲಿ ಕಿಲೋ ಅಕ್ಕಿಯ ಬೆಲೆ ಆರು ಆಣೆಯಿಂದ ಒಂದು ರೂಪಾಯಿಗೆ! ಹಳ್ಳಿಗಳಲ್ಲಿ ಕೂಲಿ ಮಾತ್ರ ಆ ವೇಗದಲ್ಲಿ ಏರಲಿಲ್ಲ. ಭೂಮಿಯಿಲ್ಲದ ಕೂಲಿಕಾರ, ಬೆಸ್ತ, ನೇಕಾರ, ಕ್ಷೌರಿಕ ಹೀಗೆ ದಿನದ ದುಡಿಮೆಯಿಂದ ಅಂದಿನ ಅಕ್ಕಿ ಕೊಳ್ಳುತ್ತಿದ್ದವರೆಲ್ಲ ಮೊದಲು ಪಾತ್ರೆ ಮಾರಿದರು, ನಂತರ ಮಾಡಿನ ತಗಡು ಮಾರಿದರು, ತುಂಡು ಭೂಮಿಯಿದ್ದವರು ಅದನ್ನೂ ಮಾರಿದರು. ಕೊನೆಗೆ ಕಲ್ಕತ್ತಾದತ್ತ ನಡೆದರು. ಆ ನಗರದ ಮನೆಗಳ ಬಾಗಿಲಲ್ಲಿ ಅವರು ಅನ್ನ ಬೇಡಲಿಲ್ಲ. ಅನ್ನ ಸಿಗದೆಂದು ಅವರಿಗೆ ತಿಳಿದಿತ್ತು. ಅವರು ಕೂಗುತ್ತಿದ್ದುದು 'ಫ್ಯಾನ್ ದಾವ್' ಎಂದು. ಅಂದರೆ, ಅನ್ನ ಬಸಿದ ಗಂಜಿನೀರು ಕೊಡಿ ಎಂದು. ಯುವ ಚಿತ್ರಕಾರ ಝೈನುಲ್ ಆಬಿದೀನ್ ಆ ಬೀದಿಗಳಲ್ಲಿ ಕಂಡದ್ದನ್ನು ಕಪ್ಪು ಶಾಯಿಯಲ್ಲಿ ಚಿತ್ರಿಸಿದರು. ಎಲುಬಿನ ಗೂಡಾದ ತಾಯಿ-ಮಕ್ಕಳ ಆ ರೇಖಾಚಿತ್ರಗಳು ಯಾವ ವರದಿಗಿಂತಲೂ ಗಟ್ಟಿಯಾದ ಸಾಕ್ಷ್ಯಗಳಾಗಿ ಇಂದಿಗೂ ಉಳಿದಿವೆ.

ಹಾಗಾದರೆ ಬಂಗಾಳದಲ್ಲಿ ಅಕ್ಕಿಯೇ ಇರಲಿಲ್ಲವೇ? ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಬಾಲಕರಾಗಿದ್ದಾಗ ಆ ಕ್ಷಾಮವನ್ನು ಕಣ್ಣಾರೆ ಕಂಡವರು. 1981ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಲೆಕ್ಕ ಹಾಕಿ ತೋರಿಸಿದ ಪ್ರಕಾರ, 1943ರಲ್ಲಿ ಬಂಗಾಳದಲ್ಲಿ ಲಭ್ಯವಿದ್ದ ಆಹಾರ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಶೇ. 5ರಷ್ಟು ಮಾತ್ರ ಕಡಿಮೆಯಿತ್ತು. ಕ್ಷಾಮವಿಲ್ಲದ 1941ಕ್ಕಿಂತ ಹೆಚ್ಚೇ ಇತ್ತು. ಈ ಲೆಕ್ಕವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ, ಬೆಳೆನಷ್ಟ ಇನ್ನೂ ದೊಡ್ಡದಿತ್ತು ಎಂಬುದು ಅವರ ವಾದ. ಆದರೆ ಒಂದು ವಿಷಯದಲ್ಲಿ ಸಂಶಯವಿಲ್ಲ. ಇದ್ದ ಅಕ್ಕಿ ಕೆಲವರಿಗೆ ತಲುಪಿತು, ಕೆಲವರಿಗೆ ತಲುಪಲಿಲ್ಲ.

ಯುದ್ಧಕ್ಕೆ ಬೇಕಾದ ಕಾರ್ಖಾನೆ, ಬಂದರು ಮತ್ತು ರೈಲ್ವೆಯ ಕಾರ್ಮಿಕರನ್ನೂ ಸರಕಾರಿ ನೌಕರರನ್ನೂ 'ಆದ್ಯತೆಯ ವರ್ಗ' ಎಂದು ಗುರುತಿಸಿ ಕಲ್ಕತ್ತಾದಲ್ಲಿ ಅವರಿಗೆ ಅಗ್ಗದ ಅಕ್ಕಿಯ ವ್ಯವಸ್ಥೆ ಮಾಡಲಾಗಿತ್ತು. ಅವರು ಬದುಕಿದರು; ಬದುಕಬೇಕಾದವರೇ. ಅವರಿಗಾಗಿ ಹಳ್ಳಿಯ ಸಂತೆಗಳಿಂದ ಯಾವ ಬೆಲೆಗಾದರೂ ಅಕ್ಕಿ ಖರೀದಿಸಿದಾಗ ಹಳ್ಳಿಯವನ ಪಾಲು ಏನಾಗುತ್ತದೆಂದು ಮಾತ್ರ ಯಾರೂ ಕೇಳಲಿಲ್ಲ. ಕಲ್ಕತ್ತಾದ ಬೀದಿಗಳಲ್ಲಿ ಹೆಣವಾಗಿ ಬಿದ್ದವರು ಬಹುತೇಕ ಹಳ್ಳಿಗಳಿಂದ ಬಂದವರೇ. ಕ್ಷಾಮ ಸಂಹಿತೆ ಎಂಬ ಕಾನೂನು ಪುಸ್ತಕದಲ್ಲಿತ್ತು, ಅದನ್ನು ಜಾರಿಗೊಳಿಸಲಿಲ್ಲ. ಕ್ಷಾಮವೆಂದು ಅಧಿಕೃತವಾಗಿ ಘೋಷಿಸಲೂ ಇಲ್ಲ. ಘೋಷಿಸಿದರೆ ಪರಿಹಾರ ಒದಗಿಸುವ ಹೊಣೆ ಹೊರಬೇಕಾಗುತ್ತಿತ್ತು. 1943ರ ಆಗಸ್ಟ್ 22ರಂದು 'ಸ್ಟೇಟ್ಸ್‌ಮನ್' ಪತ್ರಿಕೆಯ ಆಂಗ್ಲ ಸಂಪಾದಕ ಇಯಾನ್ ಸ್ಟೀಫನ್ಸ್ ಬೀದಿಬದಿಯ ಹಸಿದವರ ಛಾಯಾಚಿತ್ರಗಳನ್ನು ಮುದ್ರಿಸುವ ಧೈರ್ಯ ಮಾಡಿದ ಮೇಲಷ್ಟೇ ಹೊರಜಗತ್ತಿಗೆ ವಿಷಯ ತಿಳಿಯಿತು. ಭಾರತಕ್ಕೆ ಧಾನ್ಯ ಕಳುಹಿಸಬೇಕೆಂಬ ಕೋರಿಕೆಗಳನ್ನು ಹಡಗುಗಳಿಲ್ಲವೆಂಬ ಕಾರಣ ನೀಡಿ ಚರ್ಚಿಲ್‌ರ ಯುದ್ಧ ಸಂಪುಟ ಮತ್ತೆ ಮತ್ತೆ ಮೊಟಕುಗೊಳಿಸಿತು. ಅಕ್ಟೋಬರ್‌ನಲ್ಲಿ ವೈಸರಾಯ್ ಆಗಿ ಬಂದ ವೇವೆಲ್ ಸ್ವತಃ ಕಲ್ಕತ್ತಾಕ್ಕೆ ತೆರಳಿ ಸೇನೆಯನ್ನು ಪರಿಹಾರ ಕಾರ್ಯಕ್ಕಿಳಿಸಿದರು. ಅದೇ ಸೇನೆ, ಅದೇ ಲಾರಿಗಳು ಆರು ತಿಂಗಳ ಹಿಂದೆಯೂ ಇದ್ದವಲ್ಲ!

ಇಲ್ಲಿ ನಾವು ಬ್ರಿಟಿಷರನ್ನು ಮಾತ್ರ ದೂಷಿಸಿ ಎದ್ದು ಹೋದರೆ ಇತಿಹಾಸಕ್ಕೆ ನ್ಯಾಯ ಸಲ್ಲಿಸಿದಂತಾಗದು. 1943ರ ಎಪ್ರಿಲ್‌ನಿಂದ ಬಂಗಾಳದಲ್ಲಿ ಅಧಿಕಾರದಲ್ಲಿದ್ದುದು ಖ್ವಾಜಾ ನಾಝಿಮುದ್ದೀನ್‌ರ ಮುಸ್ಲಿಮ್ ಲೀಗ್ ನೇತೃತ್ವದ ಸರಕಾರ. ಆಹಾರ ಪೂರೈಕೆಯ ಖಾತೆ ಸುಹ್ರವರ್ದಿಯವರ ಬಳಿ ಇತ್ತು. ಅಕ್ಕಿಗೆ ಕೊರತೆಯಿಲ್ಲ, ದಾಸ್ತಾನುಕೋರರಿಂದ ಮಾತ್ರ ಸಮಸ್ಯೆ ಎಂದು ಆ ಸರಕಾರ ಸಾರುತ್ತಿತ್ತು. ಆದರೆ ಜೂನ್‌ನಲ್ಲಿ ದಾಸ್ತಾನು ಪತ್ತೆಯ ಅಭಿಯಾನ ಕೈಗೊಂಡಾಗ, ದೊಡ್ಡ ದಾಸ್ತಾನುಗಳಿದ್ದ ಕಲ್ಕತ್ತಾ ಮತ್ತು ಹೌರಾ ನಗರಗಳನ್ನೇ ಅದರಿಂದ ಹೊರಗಿಡಲಾಯಿತು! ಅಕ್ಕಿ ಬಚ್ಚಿಟ್ಟ ಜಮೀನ್ದಾರರಲ್ಲಿ, ವರ್ತಕರಲ್ಲಿ ಹಿಂದೂಗಳಿದ್ದರು, ಮುಸ್ಲಿಮರೂ ಇದ್ದರು. ಸತ್ತವರಲ್ಲಿಯೂ ಅಷ್ಟೆ. ಜಾನ್ ವುಡ್‌ಹೆಡ್ ಅಧ್ಯಕ್ಷತೆಯ ವಿಚಾರಣಾ ಆಯೋಗ 1945ರಲ್ಲಿ ನೀಡಿದ ವರದಿಯಲ್ಲಿ ಸತ್ತವರ ಸಂಖ್ಯೆಯನ್ನು ಸುಮಾರು 15 ಲಕ್ಷವೆಂದು ಅಂದಾಜಿಸಿತು. ಹಸಿವಿನ ಬೆನ್ನಿಗೆ ಬಂದ ಮಲೇರಿಯಾ, ಕಾಲರಾ, ಸಿಡುಬುಗಳನ್ನೂ ಸೇರಿಸಿ ಅದು 30 ಲಕ್ಷದ ಆಸುಪಾಸಿನಲ್ಲಿದೆಯೆಂದು ನಂತರದ ಅಧ್ಯಯನಗಳು ಹೇಳುತ್ತವೆ. ಅಕ್ಕಿ ವ್ಯಾಪಾರದಲ್ಲಿ ಗಳಿಸಲಾದ ಅಸಹಜ ಲಾಭ 150 ಕೋಟಿ ರೂಪಾಯಿ ಎಂಬ ಅಂದಾಜನ್ನೂ ಅದೇ ಆಯೋಗ ದಾಖಲಿಸಿದೆ. ಆಯೋಗದ ಲೆಕ್ಕದಲ್ಲಿ ಒಂದು ಸಾವಿಗೆ ಸಾವಿರ ರೂಪಾಯಿ ಲಾಭ. ಈ ಲಾಭ ಪಡೆದವರು ಲಂಡನ್ನಿನಲ್ಲಿರಲಿಲ್ಲ, ನೆರೆಹೊರೆಯಲ್ಲಿಯೇ ಇದ್ದರು. ಪ್ರತಿಯೊಬ್ಬ ವ್ಯಾಪಾರಿಯೂ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ ಇಲ್ಲಿದೆ.

ಸಹೋದರರೇ, ಇಷ್ಟೆಲ್ಲ ಹೇಳಿದ್ದು ಹಳೆಯ ಗಾಯವನ್ನು ಕೆದಕಲಿಕ್ಕಲ್ಲ. ನಮ್ಮ ಮನೆಗಳ ಕಪಾಟಿನಲ್ಲಿರುವ ರೇಶನ್ ಕಾರ್ಡು ಆ ಯುದ್ಧಕಾಲದ ಕೂಸು. ಭಾರತದ ನಗರಗಳ ಪೈಕಿ 1943ರ ಮೇ ತಿಂಗಳಲ್ಲಿ ಮೊದಲು ಮುಂಬೈಯಲ್ಲಿ ಪಡಿತರ ಜಾರಿಗೆ ಬಂತು. ಕಲ್ಕತ್ತಾಕ್ಕೆ ಅದು ಬಂದದ್ದು 1944ರ ಜನವರಿ 31ರಂದು, ಲಕ್ಷಾಂತರ ಮಂದಿ ಸತ್ತ ಮೇಲೆ. ಹಿರಿಯರು 'ಕಂಟ್ರೋಲ್' ಎಂದು ಕರೆಯುತ್ತಿದ್ದ ಆ ವ್ಯವಸ್ಥೆಯೇ ಬೆಳೆದು ಇಂದಿನ ನ್ಯಾಯಬೆಲೆ ಅಂಗಡಿಯಾಗಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅದಕ್ಕೆ ಕಾನೂನಿನ ಹಕ್ಕಿನ ರೂಪ ಕೊಟ್ಟಿತು. ರೇಶನ್ ಅಕ್ಕಿಯೆಂದು ಮೂಗು ಮುರಿಯುವ ಮುನ್ನ ಈ ಕಾರ್ಡಿನ ಹಿಂದೆ ಎಷ್ಟು ಗೋರಿಗಳಿವೆ, ಎಷ್ಟು ಚಿತೆಗಳಿವೆ ಎಂಬುದನ್ನು ನಾವು ನೆನೆಯಬೇಕು.

ಪಟ್ಟಿಯಲ್ಲಿ ಹೆಸರಿಲ್ಲದವನ ಕಷ್ಟ ಇಂದಿಗೂ ಮುಗಿದಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ವಲಸೆ ಕಾರ್ಮಿಕರು ಹೆದ್ದಾರಿಗಳಲ್ಲಿ ನೂರಾರು ಕಿಲೋಮೀಟರ್ ನಡೆದುದನ್ನು ನಾವೆಲ್ಲ ನೋಡಿದ್ದೇವೆ. ಸರಕಾರದ ಗೋದಾಮುಗಳಲ್ಲಿ ಆಗ ಧಾನ್ಯಕ್ಕೆ ಕೊರತೆಯಿರಲಿಲ್ಲ. ಅವರಲ್ಲಿ ಅನೇಕರ ಕಾರ್ಡು ಊರಲ್ಲಿತ್ತು, ಹೊಟ್ಟೆ ಮಾತ್ರ ನಗರದಲ್ಲಿತ್ತು.

ಆದ್ದರಿಂದ ನಾನು ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೆ. ನಿಮ್ಮ ವಠಾರದಲ್ಲಿ, ನಿಮ್ಮ ಬೀದಿಯಲ್ಲಿ ರೇಶನ್ ಪಟ್ಟಿಯಿಂದ ಹೊರಗುಳಿದವರು ಯಾರಿದ್ದಾರೆಂದು ಹುಡುಕಿ. ಬಾಡಿಗೆ ಕೋಣೆಯ ವಿಧವೆ, ಮದುವೆಯಾಗಿ ಬಂದ ಮೇಲೆ ಹೆಸರು ಸೇರಿಸದ ಸೊಸೆ, ಬೆರಳಚ್ಚು ಹೊಂದದೆ ವಾಪಸಾದ ಮುದುಕ, ಉತ್ತರದಿಂದ ಬಂದ ಕಟ್ಟಡ ಕಾರ್ಮಿಕ ಇವರೆಲ್ಲರ ಅರ್ಜಿ ಬರೆದುಕೊಡಲು ಓದಿದ ಒಬ್ಬ ಯುವಕ ಅಥವಾ ಯುವತಿ ವಾರಕ್ಕೆ ಒಂದು ಗಂಟೆ ಕೊಟ್ಟರೆ ಸಾಕು. ಅವರ ಧರ್ಮ ಯಾವುದೆಂದು ಕೇಳಬೇಡಿ. 'ಫ್ಯಾನ್ ದಾವ್' ಎಂಬ ಕೂಗಿಗೆ ಧರ್ಮವಿರಲಿಲ್ಲ. ಕಷ್ಟಕಾಲ ಬಂದ ಮೇಲೆ ಜನರನ್ನು ಎಣಿಸಲು ಹೊರಟರೆ ತಡವಾಗಿರುತ್ತದೆ. ಬಂಗಾಳದಲ್ಲಿ ಆದದ್ದು ಅದೇ. ಎಲ್ಲವೂ ನೆಮ್ಮದಿಯಾಗಿರುವಾಗಲೇ ಆ ಕೆಲಸವನ್ನು ಮಾಡಿ ಮುಗಿಸೋಣ.