ಬುಗುರಿ, ಚಿನ್ನಿದಾಂಡು, ಬಾವಿ ನೀರು
(ಬೆಳ್ಳಿಹಬ್ಬದ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಆಡಿದ ಮಾತುಗಳು)



ಸಂಘದ ಲೆಕ್ಕಪತ್ರ ಕಾರ್ಯದರ್ಶಿಗಳು ಸವಿಸ್ತಾರವಾಗಿ ಹೇಳಿದ್ದಾರೆ. ನನಗೆ “ಹಳೇದು ಏನಾದ್ರೂ ಹೇಳಿ” ಅಂದರು. ನಮ್ಮ ಕಾಲದ ಆಟಗಳ ಬಗ್ಗೆ ಎರಡು ಮಾತು ಆಡುತ್ತೇನೆ.

ಆಗ ಅಂಗಡಿಯಿಂದ ಆಟದ ಸಾಮಾನು ತಂದುಕೊಡೋರು ಯಾರು? ಬುಗುರಿಗೆ ಮೊಳೆ ನಾವೇ ಹೊಡೀತಿದ್ದೆವು. ಸೋತವನ ಬುಗುರಿಗೆ ಹಾಕಿದ ಗುನ್ನ ಒಂದೊಂದು ಸಲ ಪಕ್ಕದವನ ಕಾಲಿಗೆ ಬೀಳುತ್ತಿತ್ತು. ಸೈಕಲ್ ಟ್ಯೂಬು ಕತ್ತರಿಸಿ ಕವೆಗೋಲಿಗೆ ಕಟ್ಟಿದರೆ ಕ್ಯಾಟರ್‌ಬಿಲ್ಲು. ಗುರಿ ಮಾವಿನಕಾಯಿಗೆ, ಒಡೆಯೋದು ಯಾರದೋ ಮನೆ ಹೆಂಚು. ಹಾರಿಬಂದ ಚಿನ್ನಿ ಹುಬ್ಬಿಗೆ ತಗುಲಿತೋ ಕಣ್ಣಿಗೆ ತಗುಲಿತೋ, ಅವರವರ ಅದೃಷ್ಟ. ಕಣ್ಣು ಕಳೆದುಕೊಂಡವರೂ ಇದ್ದಾರೆ. ಅದನ್ನು ಮರೆತು ‘ಆ ಕಾಲವೇ ಚೆಂದ’ ಅನ್ನೋದು ನನಗೆ ಒಪ್ಪಿಗೆಯಿಲ್ಲ.

ಬಾವಿ ಈಜಿನ ಮಾತು ಬೇರೆ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಸೋದರಮಾವನೋ ಚಿಕ್ಕಪ್ಪನೋ ಕಪಿಲೆ ಬಾವಿಗೆ ನೂಕೋರು. ನಾಲ್ಕು ಸಲ ನೀರು ಕುಡಿದ ಮೇಲೆ ಕೈಕಾಲು ತಾನಾಗಿ ಆಡುತ್ತಿತ್ತು. ನೋಡಿದವರಿಗೆ ಎದೆ ಝಲ್ಲೆನ್ನಬೇಕು. ಆದರೆ ಹಗ್ಗದ ಇನ್ನೊಂದು ತುದಿ ದೊಡ್ಡವರ ಕೈಲಿತ್ತು. ಹಿಡಿದು ಹತ್ತಲು ಕಲ್ಲಿನ ಮೆಟ್ಟಿಲಿತ್ತು. ಬೋರ್‌ವೆಲ್ ಬಂದು ಆ ಬಾವಿಗಳು ಬತ್ತಿದವು, ಕೆಲವಕ್ಕೆ ನಾವೇ ಮಣ್ಣು ತುಂಬಿದೆವು. ಈಜು ಕಲಿಸೋದೂ ಅಲ್ಲಿಗೇ ನಿಂತಿತು.

ಈಗ ಕೃಷಿಹೊಂಡ ಬಂದಿದೆ. 2014ರಲ್ಲಿ ಕೃಷಿಭಾಗ್ಯ ಯೋಜನೆ ಶುರುವಾದ ಮೇಲೆ ಮಳೆ ನಂಬಿದ ಊರುಗಳಲ್ಲಿ ಹೊಂಡಗಳು ಹೆಚ್ಚಾದವು. ಬೆಳೆಗೆ ಒಳ್ಳೇದು, ಎರಡು ಮಾತಿಲ್ಲ. ಆದರೆ ನೀರು ಇಂಗದಿರಲಿ ಅಂತ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತೆ. ಸುತ್ತಲೂ ಇಳಿಜಾರು ಬೇರೆ. ಕೈಗೆ ಹಿಡಿಯಲು ಏನೂ ಸಿಗೋಲ್ಲ. ಈಜು ಬಲ್ಲ ದೊಡ್ಡವನಿಗೇ ಹತ್ತಿಬರೋದು ಕಷ್ಟ. ಚೆಂಡು ತೆಗೆಯಲು ಇಳಿದ ಮಗು, ಅದನ್ನು ಎತ್ತಲು ಹೋದ ಅಣ್ಣನೋ ತಾಯಿಯೋ, ಹೀಗೆ ಇಬ್ಬಿಬ್ಬರು ಹೋದ ಸುದ್ದಿ ಪತ್ರಿಕೆಯಲ್ಲಿ ಓದುತ್ತಲೇ ಇದ್ದೇವೆ.

ಹೊಂಡ ಇರುವ ಸದಸ್ಯರು ದಯವಿಟ್ಟು ಸುತ್ತ ಬೇಲಿ ಹಾಕಿಸಿ. ನಾಲ್ಕೂ ದಂಡೆಗೆ ಗೂಟ ನೆಟ್ಟು, ಮಾರಿಗೊಂದು ಗಂಟು ಹಾಕಿದ ದಪ್ಪ ಹಗ್ಗ ತಳದವರೆಗೂ ಇಳಿಬಿಡಿ. ಗಾಳಿ ತುಂಬಿದ ಹಳೇ ಲಾರಿ ಟ್ಯೂಬೊಂದು ಅಲ್ಲೇ ಇರಲಿ. ಹಗ್ಗವನ್ನು ಸಂಘದಿಂದಲೇ ಕೊಡುವ ವಿಷಯ ಮುಂದಿನ ಮಹಾಸಭೆಯ ಪಟ್ಟಿಗೆ ಸೇರಿಸಬೇಕೆಂದು ಅಧ್ಯಕ್ಷರಲ್ಲಿ ಕೋರುತ್ತೇನೆ.