ಲೇಖನಿಯ ಹೊಣೆ

ನೂತನ ಪದವೀಧರರೆ,

ನಿಮ್ಮ ಮುಂದಿನ ಒಂದೆರಡು ಸಾಲುಗಳಲ್ಲಿ ಕುಳಿತವರನ್ನು ಎಣಿಸಿದರೆ ಸಾಕು, 1960ರ ಜೂನ್ 30ರಂದು ಬೆಲ್ಜಿಯಮ್ಮಿನ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ಕಾಂಗೋ ದೇಶದಲ್ಲಿ ಅಂದು ಇದ್ದ ಸ್ವದೇಶೀಯ ಪದವೀಧರರ ಒಟ್ಟು ಸಂಖ್ಯೆಯನ್ನು ಆ ಎಣಿಕೆ ಮೀರುತ್ತದೆ. ಸುಮಾರು ಒಂದೂವರೆ ಕೋಟಿ ಜನರಿದ್ದ ಆ ವಿಶಾಲ ನಾಡಿನಲ್ಲಿ ವಿಶ್ವವಿದ್ಯಾನಿಲಯದ ಪದವಿ ಪಡೆದ ಕಾಂಗೋ ಪ್ರಜೆಗಳು ಮೂವತ್ತು ಮಂದಿಯನ್ನು ದಾಟಿರಲಿಲ್ಲ. ಎಪ್ಪತ್ತೈದು ವರ್ಷಗಳ ಐರೋಪ್ಯ ಪ್ರಭುತ್ವ ಆ ಜನಕ್ಕೆ ಕೊಟ್ಟುಹೋದ ವಿದ್ಯಾದಾನ ಇಷ್ಟೆ. ಇಂದು ನೀವು ಕೈಯಲ್ಲಿ ಹಿಡಿದಿರುವ ಪತ್ರದ ಬೆಲೆಯನ್ನು ಅರಿಯಬೇಕಾದರೆ, ಇಂಥ ಪತ್ರವನ್ನು ಕಾಣಲು ಬಿಡದೆ, ಬೇರೆ ಬಗೆಯ ಪತ್ರಗಳಿಂದಲೆ ಒಂದು ಭೂಖಂಡದ ಜನಜೀವನವನ್ನು ಕಟ್ಟಿಹಾಕಿದ ಕಥೆಯನ್ನು ನೀವು ಒಮ್ಮೆ ಕೇಳಬೇಕು.

1884ರ ನವೆಂಬರಿನಿಂದ 1885ರ ಫೆಬ್ರವರಿಯವರೆಗೆ, ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕನ ಆಹ್ವಾನದ ಮೇರೆಗೆ, 14 ರಾಷ್ಟ್ರಗಳ ಪ್ರತಿನಿಧಿಗಳು ಬರ್ಲಿನ್ ನಗರದಲ್ಲಿ ಸೇರಿ, ಆಫ್ರಿಕದ ನೆಲವನ್ನು ಯಾರು ಯಾವ ಕ್ರಮದಲ್ಲಿ ಸ್ವಾಧೀನಪಡಿಸಿಕೊಳ್ಳಬಹುದೆಂಬ ನಿಯಮಗಳನ್ನು ರಚಿಸಿದರು. ಆ ಮೇಜಿನ ಸುತ್ತ ಒಬ್ಬನೇ ಒಬ್ಬ ಆಫ್ರಿಕನಿಗೂ ಪೀಠವಿರಲಿಲ್ಲ. ಆ ಕಾಲದ ಒಪ್ಪಂದಗಳ ಫಲವಾಗಿ ಬೆಲ್ಜಿಯಮ್ಮಿನ ದೊರೆ ಎರಡನೆಯ ಲಿಯೊಪೋಲ್ಡ್, ತನ್ನ ದೇಶದ 75 ಪಟ್ಟಿಗೂ ಮಿಗಿಲಾದ ಕಾಂಗೋ ನೆಲಕ್ಕೆ ವೈಯಕ್ತಿಕವಾಗಿ ಒಡೆಯನಾದನು. ಆತ ಆ ನೆಲದ ಮೇಲೆ ಒಮ್ಮೆಯೂ ಕಾಲಿಟ್ಟವನಲ್ಲ. ಕಾಡಿನ ಬಳ್ಳಿಗಳಿಂದ ರಬ್ಬರನ್ನು ಇಳಿಸಿ ತರಬೇಕೆಂದು ಊರೂರಿಗೂ ಗೊತ್ತುಮಾಡಿದ ತೂಕ ಒದಗದಿದ್ದರೆ ಕಾವಲುಗಾರರು ಗುಂಡು ಹಾರಿಸುತ್ತಿದ್ದರು. ಖರ್ಚಾದ ತೋಟಾಗಳಿಗೆ ಲೆಕ್ಕವಾಗಿ ಮಡಿದವರ ಬಲಗೈಗಳನ್ನು ತಂದು ಒಪ್ಪಿಸುತ್ತಿದ್ದರು.

1904ರ ಒಂದು ಛಾಯಾಚಿತ್ರವಿದೆ. ಬಾರಿಂಗಾ ಎಂಬ ಊರಿನ ಮಿಷನ್ ಮನೆಯ ಜಗುಲಿಯ ಮೇಲೆ ಒಬ್ಬ ಮನುಷ್ಯ, ಮೊಣಕಾಲುಗಳನ್ನು ಮಡಿಸಿ, ಪಕ್ಕಕ್ಕೆ ಮುಖಮಾಡಿ ಕುಳಿತಿದ್ದಾನೆ. ಅವನ ಮುಂದೆ ನೆಲದ ಮೇಲೆ ಎರಡು ಸಣ್ಣ ವಸ್ತುಗಳು. ಮೊದಲ ನೋಟಕ್ಕೆ ಏನೆಂದು ತಿಳಿಯುವುದಿಲ್ಲ. ಅವು ಅವನ ಐದು ವರ್ಷದ ಮಗಳ ಒಂದು ಕೈ, ಒಂದು ಪಾದ. ಊರಿನ ರಬ್ಬರು ಸಾಲದೆ ಬಂದುದಕ್ಕಾಗಿ ಆ ಕೂಸನ್ನೂ ಅದರ ತಾಯಿಯನ್ನೂ ಕೊಂದ ಮೇಲೆ, ಉಳಿದುದಿಷ್ಟನ್ನು ಎಲೆಯಲ್ಲಿ ಸುತ್ತಿಕೊಂಡು ಅವನು ಅಲ್ಲಿಗೆ ತಂದಿದ್ದ. ಆಲಿಸ್ ಸೀಲಿ ಹ್ಯಾರಿಸ್ ಎಂಬ ಮಿಷನರಿ ಮಹಿಳೆ ಅವನ ಚಿತ್ರವನ್ನು ತೆಗೆದಳು. ಅಷ್ಟಕ್ಕೆ ನಿಲ್ಲದೆ, ಅವನ ಹೆಸರನ್ನು ಕೇಳಿದಳು.

ಇಂಥ ಸಾಕ್ಷ್ಯಗಳು ಲೋಕದ ಮನಸ್ಸನ್ನು ಕಲಕಿದ್ದರಿಂದ 1908ರಲ್ಲಿ ದೊರೆಯ ಸ್ವಾಮ್ಯ ಕೊನೆಗೊಂಡು ಕಾಂಗೋ ಬೆಲ್ಜಿಯಮ್ ಸರಕಾರದ ವಶವಾಯಿತು. ಆ ವರ್ಷದ ಆಗಸ್ಟಿನಲ್ಲಿ ಬ್ರಸೆಲ್ಸಿನಲ್ಲಿ ಕಾಂಗೋ ಆಡಳಿತದ ಕಡತಗಳನ್ನು ಎಂಟು ದಿನಗಳ ಕಾಲ ಸುಡಲಾಯಿತು. ಕಡತಗಳು ಬೂದಿಯಾದುವು, ಆದರೆ ಮನುಷ್ಯನನ್ನು ಕೇಳದೆ ಅವನ ವಿಷಯವನ್ನು ಬರೆದಿಡುವ ಆ ಅಭ್ಯಾಸ ಸುಡಲಿಲ್ಲ. ಎರಡನೆಯ ಮಹಾಯುದ್ಧದ ಅನಂತರ ಕಾಂಗೋವಿನ ವಸಾಹತು ಸರಕಾರ, ಓದುಬರಹ ಬಲ್ಲ ಕಾಂಗೋ ಪ್ರಜೆಗಳಲ್ಲಿ ಕೆಲವರಿಗೆ ‘ಸುಧಾರಿಸಿದವರು’ ಎಂದು ಅರ್ಹತಾಪತ್ರವನ್ನು ಕೊಡತೊಡಗಿತು. ಅದನ್ನು ಬಯಸಿದವನ ಮನೆಗೆ ಪರೀಕ್ಷಕರು ಬರುತ್ತಿದ್ದರು; ಅಡುಗೆಯ ಪಾತ್ರೆ, ಉಣ್ಣುವ ರೀತಿ, ಹೆಂಡತಿ ಮಕ್ಕಳ ನಡೆನುಡಿ ಎಲ್ಲವನ್ನೂ ಒರೆಗೆ ಹಚ್ಚುತ್ತಿದ್ದರು. ಮುಂದೆ ಸ್ವತಂತ್ರ ಕಾಂಗೋವಿನ ಪ್ರಥಮ ಪ್ರಧಾನಿಯಾಗಿ, 1961ರ ಜನವರಿಯಲ್ಲಿ ಹತರಾದ ಪಾತ್ರೀಸ್ ಲುಮುಂಬಾ ಕೂಡ ಈ ಪತ್ರಕ್ಕಾಗಿ ಅರ್ಜಿ ಬರೆದವರೆ. ಇಲ್ಲಿ ಕುಳಿತಿರುವ ತಾಯಂದಿರೆ, ನಿಮ್ಮ ಒಲೆಯ ಬಳಿ ಅನ್ಯರು ನಿಂತು, ನೀವು ಮನುಷ್ಯರಾದಿರೋ ಇಲ್ಲವೋ ಎಂದು ಅಂಕ ಹಾಕುವುದನ್ನು ಒಂದು ಕ್ಷಣ ಊಹಿಸಿಕೊಳ್ಳಿರಿ.

ನೆರೆಯ ರುವಾಂಡದಲ್ಲಿ ಇದೇ ಅಭ್ಯಾಸದ ಪರಿಣಾಮ ಇನ್ನೂ ಘೋರವಾಯಿತು. ಅಲ್ಲಿನ ಹುಟು, ತುತ್ಸಿ, ತ್ವಾ ಜನ ಒಂದೇ ಭಾಷೆಯನ್ನಾಡುತ್ತ, ಒಂದೇ ಬೆಟ್ಟಗಳ ಮೇಲೆ ನೆರೆಹೊರೆಯಾಗಿ ಬಾಳಿದವರು. ಭೇದಗಳಿದ್ದರೂ ಒಂದರಿಂದ ಇನ್ನೊಂದಕ್ಕೆ ದಾಟುವ ದಾರಿ ಪೂರ್ತಿ ಮುಚ್ಚಿರಲಿಲ್ಲ. 1930ರ ದಶಕದಲ್ಲಿ ಬೆಲ್ಜಿಯಮ್ ಆಡಳಿತ ಜನಗಣತಿ ನಡೆಸಿ, ಪ್ರತಿಯೊಬ್ಬನ ಗುರುತಿನ ಚೀಟಿಯಲ್ಲಿ ಆ ಭೇದವನ್ನು ಮಸಿಯಿಂದ ಸ್ಥಿರಗೊಳಿಸಿತು. ಬರೆದವರು 1962ರಲ್ಲಿ ಹೊರಟುಹೋದರು, ಬರಹ ಉಳಿಯಿತು. 1994ರ ತುತ್ಸಿ ನರಮೇಧದಲ್ಲಿ ಕೊಲೆಗಡುಕರು ಹೆದ್ದಾರಿಗೆ ಅಡ್ಡಗಟ್ಟಿ ಕೇಳಿದ್ದು ಅದೇ ಚೀಟಿಯನ್ನು; ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನ ಹತರಾದರು. ಕತ್ತಿ ಹಿಡಿದ ಕೈಗಳ ಪಾಪ ಆ ಕೈಗಳದೇ, ಅದನ್ನು ಯಾವ ಚರಿತ್ರೆಯೂ ತೊಳೆಯಲಾರದು. ಕಾಂಗೋವನ್ನು ಮೂರು ದಶಕಗಳ ಕಾಲ ಸೂರೆಗೊಂಡ ಸರ್ವಾಧಿಕಾರಿ ಮೊಬುಟುವಿನ ಪಾಪವೂ ಅವನದೆ. ಆದರೆ ಕತ್ತಿಗೆ ದಾರಿ ತೋರಿಸಿದ ಆ ಒಂದು ಪದವನ್ನು ಬರೆದದ್ದು ಶಾಂತವಾದ ಕಚೇರಿಯೊಂದರಲ್ಲಿ ಕುಳಿತ, ಬಹುಶಃ ಸಜ್ಜನನೇ ಆದ, ಒಬ್ಬ ವಿದ್ಯಾವಂತ ಎಂಬುದನ್ನು ನಾವು ಮರೆಯಕೂಡದು.

ಮಿತ್ರರೆ, ಇದು ಪರದೇಶದ ಕಥೆಯೆಂದು ಕೈತೊಳೆದುಕೊಳ್ಳುವಂತಿಲ್ಲ. ಪೋರ್ಚುಗೀಸರ ದಾಸವ್ಯಾಪಾರ ಹಡಗುಗಳಲ್ಲಿ ತುಂಬಿ ತಂದ ಆಫ್ರಿಕನರ ಸಂತತಿ, ನಮ್ಮ ಯಲ್ಲಾಪುರ, ಹಳಿಯಾಳಗಳ ಕಾಡಿನಂಚಿನಲ್ಲಿ ಸಿದ್ದಿಗಳೆಂಬ ಹೆಸರಿನಿಂದ ಬಾಳುತ್ತಿದೆ. ಅವರ ಮನೆಗಳಲ್ಲಿ ಕನ್ನಡವೂ ಕೊಂಕಣಿಯೂ ಕೇಳಿಬರುತ್ತವೆ. ನಿಮ್ಮ ಕಿಸೆಯ ಫೋನಿಗೆ ಜೀವ ತುಂಬುವ ಕೋಬಾಲ್ಟಿನಲ್ಲಿ, ಜಗತ್ತಿನ ಗಣಿಗಳು ಕೊಡುವ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಇಂದಿಗೂ ಬರುವುದು ಕಾಂಗೋವಿನಿಂದ.

ನಾಳೆಯಿಂದ ಲೇಖನಿ ನಿಮ್ಮ ಕೈಗೆ ಬರುತ್ತದೆ. ನಿಮ್ಮಲ್ಲಿ ಕೆಲವರು ತಹಸೀಲ್ದಾರರಾಗಿ ಯಾರದೋ ಜಮೀನಿನ ಎಲ್ಲೆಯನ್ನು ಬರೆಯುವಿರಿ. ಕೆಲವರು ವೈದ್ಯರಾಗಿ ರೋಗಿಯ ಚೀಟಿಯನ್ನು, ಕೆಲವರು ಉಪಾಧ್ಯಾಯರಾಗಿ ಹಾಜರಿಯ ಪುಸ್ತಕವನ್ನು ತುಂಬುವಿರಿ. ಇನ್ನು ಕೆಲವರು, ಎಂದೂ ಕಾಣದ ಲಕ್ಷಾಂತರ ಜನರನ್ನು ಗಣಕಯಂತ್ರದ ಪಟ್ಟಿಗಳಲ್ಲಿ ವಿಂಗಡಿಸುವಿರಿ. ಆ ಪಟ್ಟಿಯಲ್ಲಿರುವವನು ನಿಮ್ಮ ಮೇಜಿನ ಬಳಿಗೆ ಬಾರದಿರಬಹುದು. ನೀವಾದರೂ ಅವನ ಬಳಿಗೆ ಹೋಗಿ ಬನ್ನಿರಿ, ಕೇಳಿ ತಿಳಿಯಿರಿ, ಆಮೇಲೆ ಬರೆಯಿರಿ. ಏಕೆಂದರೆ ನೀವು ಎದ್ದುಹೋದ ಮೇಲೂ ನಿಮ್ಮ ಬರಹ ಆ ಕುರ್ಚಿಯಲ್ಲಿ ಕುಳಿತು ಆಳುತ್ತಿರುತ್ತದೆ.

ರಬ್ಬರಿನ ಲೆಕ್ಕಪುಸ್ತಕದಲ್ಲಿ ಆ ಜಗುಲಿಯ ಮನುಷ್ಯ ಇಷ್ಟು ತೂಕದ ಕೊರತೆ ಮಾತ್ರವಾಗಿದ್ದ. ಒಬ್ಬಳು ಕೇಳಿದ್ದರಿಂದ, ಇಂದು ಸಹಸ್ರಾರು ಯೋಜನಗಳಾಚೆಯ ಈ ಕನ್ನಡ ಸಭೆಯಲ್ಲಿ ನಾನು ಅವನನ್ನು ಹೆಸರು ಹಿಡಿದು ನೆನೆಯಬಲ್ಲೆ. ಅವನು ವಾಲಾ ಊರಿನ ನ್ಸಾಲಾ. ಅವನ ಮಗಳ ಹೆಸರು ಬೋವಾಲಿ.

ನಿಮ್ಮ ಲೇಖನಿ ಹೀಗೆ ಹೆಸರನ್ನು ಉಳಿಸುವ ಲೇಖನಿಯಾಗಲಿ.